ರಾಗಿಗೆ 5, ಪಿಜ್ಜಾ ಬಾಲಕ್ಕೆ 11

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿಯೇ ನಿವೃತ್ತರಾದ ನಮ್ಮ ಅತ್ತಿಗೆ ಸ್ಕ್ರ್ಯಾಬಲ್‌ನಲ್ಲಿ ಮಗನ ಕೈಲಿ ಸೋಲುವುದಕ್ಕೆ ಕಾರಣ ಒಂದೇ: ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಪದ ಅಂದಮೇಲೆ ಅದಕ್ಕೊಂದು ಅರ್ಥ ಬೇಡವೇ ಎನ್ನುವ ಹಳೇ ಕಾಲದವರು. ಮಗನಿಗೆ ಅಂಥ ತೊಂದರೆಗಳಿಲ್ಲ. ಕ್ಯೂ ಪಕ್ಕಕ್ಕೆ ಐ ಇಟ್ಟು ಸುಮ್ಮನೆ ಕೂರುತ್ತಾನೆ.

“ಏನೋ ಇದು?”

“ಚೀ.”

“ಯಾರಿಗೋ ಛೀ ಅಂತೀಯ?”

“ಚೀನೀಯರ ಪ್ರಾಣಶಕ್ತಿ ಅಮ್ಮಾ. ಹನ್ನೊಂದು ಪಾಯಿಂಟ್, ಬರ್ಕೊಳ್ಳಿ.”

ಇಂಥ ಪದಗಳ ದೊಡ್ಡ ದಂಡೇ ಅವನ ಹತ್ತಿರವಿದೆ. ಎರಡು ‘ಎ’ ಜೋಡಿಸಿದರೆ ಹವಾಯಿ ದ್ವೀಪದ ಒರಟು ಲಾವಾಕಲ್ಲು. ಅದರ ಮೇಲೆ ಬರಿಗಾಲಲ್ಲಿ ನಡೆದವನು ಇಟ್ಟ ಹೆಸರೇ ಇರಬೇಕು. ‘ಎ’ ಮುಂದೆ ‘ಐ’ ಇಟ್ಟರೆ ದಕ್ಷಿಣ ಅಮೆರಿಕದ ಮೂರು ಬೆರಳಿನ ಸೋಮಾರಿ ಪ್ರಾಣಿ. ಕೈಯಲ್ಲಿ ಒಂದೂ ಸ್ವರವಿಲ್ಲದ ಬಿಲ್ಲೆಗಳೇ ತುಂಬಿದಾಗ ವೇಲ್ಸ್‌ನವರೇ ಗತಿ. ಸಿ, ಡಬ್ಲ್ಯೂ, ಎಂ ಸೇರಿ ‘ಕೂಮ್’: ಹಿಮನದಿ ಕೊರೆದ ಬೋಗುಣಿಯಂಥ ಕಣಿವೆ. ಎವರೆಸ್ಟ್ ಮಗ್ಗುಲಲ್ಲೂ ಅಂಥದ್ದೊಂದಿದೆ, 1921ರಲ್ಲಿ ಅದಕ್ಕೆ ಆ ಹೆಸರಿಟ್ಟವನು ಮ್ಯಾಲರಿ. ಹತ್ತು ಪಾಯಿಂಟಿಗಾಗಿ ನಮ್ಮ ಹುಡುಗ ಹತ್ತುವಷ್ಟು ಉತ್ಸಾಹದಿಂದ ಆತನೂ ಬೆಟ್ಟ ಹತ್ತಿರಲಾರ.

ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ಅಮೆರಿಕದ ಆರ್ಕಿಟೆಕ್ಟ್. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಹೋಗಿ, ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸುತ್ತ ಕೂತ. ಪದೇ ಪದೇ ಬರುವ ‘ಇ’ಗೆ 12 ಬಿಲ್ಲೆ, ತಲಾ 1 ಪಾಯಿಂಟ್, ಅಪರೂಪದ ಕ್ಯೂ, ಝಡ್‌ಗಳಿಗೆ ಒಂದೊಂದೇ ಬಿಲ್ಲೆ, 10 ಪಾಯಿಂಟ್. ಲೆಕ್ಕವೇನೋ ಸರಿಯೇ. ಆದರೆ ಅದರ ಪರಿಣಾಮ ನೋಡಿ. ಆಟದ ಕಾಲಿನ್ಸ್ ಪದಪಟ್ಟಿಯಲ್ಲಿ ನಮ್ಮ ರಾಗಿ ಇದೆ, ಇಡ್ಲಿ ಇದೆ, ದೋಸೆ ‘ದೋಸಾ’ ಆಗಿ ಇದೆ. ಮೂರಕ್ಕೂ ತಲಾ 5. ರೊಟ್ಟಿ ‘ರೋಟಿ’ಯಾಗಿ ಹೋದರೂ ಸಿಗುವುದು 4. ಅಮೆರಿಕದ ಹುಡುಗರು ಪಿಜ್ಜಾ ಎನ್ನಲೂ ಬೇಸರಪಟ್ಟು ತಲೆ ಕತ್ತರಿಸಿ ಉಳಿಸಿಕೊಂಡ ಬಾಲವೊಂದಿದೆ: ಝಡ್, ಎ. ಅದಕ್ಕೆ 11! ಎರಡು ಹೊತ್ತು ರಾಗಿ ಹಾಕಿದರೂ ಪಿಜ್ಜಾ ಬಾಲಕ್ಕೆ ಸಮ ಬರುವುದಿಲ್ಲ. ಇಡೀ ಪಿಜ್ಜಾ ಬರೆಯೋಣವೆಂದರೆ ಝಡ್ ಇರುವುದು ಒಂದೇ. ಇನ್ನೊಂದರ ಜಾಗಕ್ಕೆ ಖಾಲಿ ಬಿಲ್ಲೆ ಹಾಕಬೇಕು, ಅದಕ್ಕೆ ಸೊನ್ನೆ. ಅಂತೂ 15.

“ಅರ್ಥ ಗೊತ್ತಿಲ್ಲದೆ ಆಡೋದು ಒಂದು ಆಟವೇನಪ್ಪಾ?” ಎಂದು ಅತ್ತಿಗೆ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಕಥೆ ತೆಗೆದ. ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್. 2024ರಲ್ಲಿ, ಅದೂ ಬಾರದೆ, ಸ್ಪ್ಯಾನಿಷ್‌ನಲ್ಲೂ.

“ಅಲ್ಲಿ ಅವರಿಗೆ ಊಟ ಯಾರು ಹೇಳಿಕೊಟ್ರಂತೆ?” ಎಂದರು ಅತ್ತಿಗೆ.

ಹಾಗೆಂದವರೇ ಅರ್ಥವಿರುವ ಒಂದು ಪದವಾದರೂ ಬೋರ್ಡಿನ ಮೇಲಿರಲೆಂದು ‘ದೋಸಾ’ ಜೋಡಿಸಿದರು. ಹುಡುಗ ಕಣ್ಣು ಮಿಟುಕಿಸದೆ ಅದರ ಕೊನೆಗೊಂದು ‘ಐ’ ಅಂಟಿಸಿದ.

“ದೋಸೈ? ಅದು ತಮಿಳು ಕಣೋ!”

“ಅಲ್ಲಮ್ಮಾ, ಪಟ್ಟಿಯಲ್ಲಿ ಅದು ದೋಸಾದ ಬಹುವಚನ.”

“ಒಂದೇ ದೋಸೆ ತಿಂದರೂ ಅವರು ದೋಸೈ ಅಂತಲೇ ಅನ್ನೋದು!”

“ಇರಬಹುದು. ಚಿಕ್ಕಪ್ಪಾ, ಆರು ಬರ್ಕೊಳ್ಳಿ.”