ಐಸಿಯುನಲ್ಲೂ ರಾತ್ರಿಯಾಗಲಿ

ತೀವ್ರ ನಿಗಾ ಘಟಕದ ವೈದ್ಯರಿಗೆ, ನರ್ಸ್‌ಗಳಿಗೆ, ಡಯಟೀಷಿಯನ್‌ಗಳಿಗೆ,

ನಡುರಾತ್ರಿ ಎರಡು ಗಂಟೆಗೂ ಮೂಗಿನಿಂದ ಹೊಟ್ಟೆಗಿಳಿದ ರೈಲ್ಸ್ ಟ್ಯೂಬಿನಲ್ಲಿ ಫೀಡ್, ಅಂದರೆ ದ್ರವಾಹಾರ, ಇಳಿಯುತ್ತಿರುತ್ತದೆ, ಪಂಪಿನಿಂದ ಹನಿಹನಿಯಾಗಿ ಇಲ್ಲವೇ ಎರಡೆರಡು ಗಂಟೆಗೊಮ್ಮೆ ಸಿರಿಂಜಿನಿಂದ. ತಲೆಯ ಮೇಲೆ ದೀಪ ಉರಿಯುತ್ತಲೇ ಇರುತ್ತದೆ. ಜೀವ ಉಳಿಸಲೆಂದೇ ಇರುವ ಜಾಗದಲ್ಲಿ ಜೀವಕ್ಕೆ ಹೊತ್ತು ತಿಳಿಯುವ ದಾರಿಗಳೆಲ್ಲ ಮುಚ್ಚಿಹೋಗಿವೆ. ಐಸಿಯುನಲ್ಲಿದ್ದ ನನ್ನಮ್ಮ ಟ್ಯೂಬ್ ತೆಗೆದ ಮೇಲೆ ಮಧ್ಯರಾತ್ರಿಯಲ್ಲಿ ಬೆಳಗಿನ ಕಾಫಿ ಕೇಳಿದ್ದರು.

ಮಿದುಳಿನ ಹೈಪೊಥಲಾಮಸ್‌ನಲ್ಲಿ ಸುಮಾರು 20,000 ನರಕೋಶಗಳ ಗಡಿಯಾರವಿದೆ. ಕಣ್ಣಿಗೆ ಬೀಳುವ ಬೆಳಕು ಅದನ್ನು ದಿನವೂ ಸರಿಪಡಿಸುತ್ತದೆ. ಯಕೃತ್ತಿಗೆ, ಮೇದೋಜೀರಕಕ್ಕೆ, ಕರುಳಿಗೆ ಬೇರೆಯದೇ ಗಡಿಯಾರಗಳು. ಅವು ಹೆಚ್ಚಾಗಿ ನೆಚ್ಚುವುದು ಊಟದ ಹೊತ್ತನ್ನು. ಇಲಿಗಳಿಗೆ ನಿದ್ದೆಯ ವೇಳೆಯಲ್ಲಷ್ಟೇ ಆಹಾರ ಕೊಟ್ಟಾಗ ಯಕೃತ್ತಿನ ಗಡಿಯಾರ ತಲೆಕೆಳಗಾಯಿತು, ಮಿದುಳಿನದು ಕದಲಲಿಲ್ಲ. ಇದು 2000ದಲ್ಲೇ ಪ್ರಕಟವಾದ ಸಂಗತಿ. ರಾತ್ರಿ ಮೆಲಟೋನಿನ್ ಏರಿದಾಗ ಇನ್ಸುಲಿನ್ ಒಸರುವುದು ತಗ್ಗುತ್ತದೆ; ಆರೋಗ್ಯವಂತರಲ್ಲೂ ಅದೇ ಊಟ ಬೆಳಗಿಗಿಂತ ರಾತ್ರಿ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಹೀಗಿರುವಾಗ ಗಂಭೀರ ರೋಗಿಯ ಕರುಳಿಗೆ ನಾವು ಇಪ್ಪತ್ನಾಲ್ಕು ಗಂಟೆಯೂ ಹಗಲೆಂದೇ ಹೇಳುತ್ತಿದ್ದೇವೆ.

ರಾತ್ರಿಯೂ ಫೀಡ್ ಕೊಡುವುದಕ್ಕೆ ನಿಮಗಿರುವ ಕಾರಣಗಳು ಸಣ್ಣವಲ್ಲ. ಒಮ್ಮೆಲೇ ಕೊಟ್ಟರೆ ಭೇದಿ ಹೆಚ್ಚೆಂದು ಯುರೋಪಿನ 2019ರ ಮಾರ್ಗಸೂಚಿ ಸತತ ಫೀಡನ್ನೇ ಮೇಲೆಂದಿದೆ. ಅಷ್ಟೇ ಪ್ರಮಾಣವನ್ನು ಹಗಲಲ್ಲೇ ಮುಗಿಸಹೊರಟರೆ ಕೆಲವರಿಗೆ ವಾಂತಿಯಾಗಬಹುದು. ಫೀಡ್ ನಿಂತ ಮೇಲೂ ಇನ್ಸುಲಿನ್ ಹರಿಯುತ್ತಿದ್ದರೆ ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತು. ರಾತ್ರಿ ಬಿಡುವು ಕೊಟ್ಟರೆ ರೋಗಿ ಬೇಗ ಚೇತರಿಸುತ್ತಾರೆಂಬ ಪುರಾವೆಯೂ ಇನ್ನೂ ಗಟ್ಟಿಯಾಗಿಲ್ಲ. ಎಲ್ಲರಿಗೂ ನಿಲ್ಲಿಸಿ ಎನ್ನಲಾರೆ. ಬಿಪಿ ಸ್ಥಿರವಾಗಿ, ಫೀಡ್ ಒಗ್ಗಿರುವ ರೋಗಿಯ ಚಾರ್ಟಿನಲ್ಲಿ ‘24 ಗಂಟೆ’ ಎಂದು ಬರೆಯುವ ಮುನ್ನ, ಇವರಿಗೆ ರಾತ್ರಿ ಬಿಡುವು ಸಾಧ್ಯವೇ ಎಂದು ರೌಂಡ್ಸ್‌ನಲ್ಲಿ ಒಮ್ಮೆ ಕೇಳಿ. ಅಭ್ಯಾಸಬಲದಿಂದ ಬರೆಯಬೇಡಿ.

ಬೆಳಕು, ಸದ್ದುಗಳ ವಿಷಯದಲ್ಲಿ ಇಷ್ಟು ಯೋಚಿಸಬೇಕಾದ್ದೂ ಇಲ್ಲ. ವಾರ್ಡಿನಲ್ಲಿ ರಾತ್ರಿ ಸದ್ದು 30 ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿತ್ತು; ಐಸಿಯುಗಳಲ್ಲಿ ಅದು 50ನ್ನೂ ಮೀರುವುದು ಸಾಮಾನ್ಯ. ಹತ್ತಕ್ಕೆ ದೀಪ ತಗ್ಗಿಸಿ. ಸ್ಪಾಂಜ್ ಬಾತ್ ನಸುಕಿನ ನಾಲ್ಕಕ್ಕೆ ಬೇಡ. ಹಗಲಲ್ಲಿ ಕಿಟಕಿಯ ಪರದೆ ಸರಿಸಿ.

ಇವನ್ನು ಈ ರಾತ್ರಿಯಿಂದಲೇ ಮಾಡಬಹುದು. ಫೀಡಿನ ಮಾತನ್ನು ನಾಳಿನ ರೌಂಡ್ಸ್‌ನಲ್ಲಿ ಎತ್ತಿ. ಕೇಳಿದ ಮನೆಯವರಿಗೂ ಕಾರಣ ತಿಳಿಸಿ.

ಇತಿ,
ರೋಗಿಯೊಬ್ಬರ ಮಗಳು