ಸೂಟಿಯ ಮೊಮ್ಮಕ್ಕಳು, ಹೊಲದೂಟ, ಪಟಾಕಿ: ಮುತ್ಯಾಗಳಿಗೊಂದು ಕೈಪಿಡಿ

ಈ ಕೈಪಿಡಿ ಕೊಡಂಬಲ ಸೀಮೆಯ ಮುತ್ಯಾಗಳಿಗೆ ಮಾತ್ರ. ಆಯಿಗಳಿಗೆ ಇದರ ಅಗತ್ಯವಿಲ್ಲ. ಬೇಕಾದರೆ ಓದಿ ನಗಬಹುದು.

ಸರಕು ತಲುಪುವ ಕಾಲ: ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬಿದ್ದ ಮೇಲೆ. 2017ರಲ್ಲಿ ಬೀದರ–ಕಲಬುರಗಿ ರೈಲು ಶುರುವಾದಾಗಿನಿಂದ ಹುಮನಾಬಾದಿನಲ್ಲೇ ಇಳಿಯಬಹುದು, ಹಾಗಾಗಿ ದಾರಿ ದೂರ ಎಂಬ ನೆಪ ಯಾರಿಗೂ ಉಳಿದಿಲ್ಲ. ಸರಕಿನ ಜೊತೆ ಚಾರ್ಜರ್ ಬಂದಿರುತ್ತದೆ, ಟೊಪ್ಪಿಗೆ ಬಂದಿರುವುದಿಲ್ಲ.

ಎಳ್ಳ ಅಮಾವಾಸ್ಯೆಯ ಹೊಲದೂಟಕ್ಕೆ ಹಿರಿಯರು ಹಾಕಿಕೊಟ್ಟ ಕಟ್ಟಳೆ ಇದೆ. ಚರಗ ಚೆಲ್ಲು, ಭಜ್ಜಿ ಬಡಿಸು, ಸಜ್ಜಿ ರೊಟ್ಟಿ ಮುರಿ, ಅಂಬಲಿ ಕುಡಿ. ಬೇಸಿಗೆಯ ಊಟಕ್ಕೆ ಅಂಥದ್ದೇನೂ ಇಲ್ಲ, ಎಡವಟ್ಟೆಲ್ಲ ಅಲ್ಲೇ. ಮೇ ತಿಂಗಳಲ್ಲಿ ಭಜ್ಜಿ ಮಾಡುವ ಹಟ ಬೇಡ, ಹಸಿ ತೊಗರಿ ಕಾಳೂ ಇಲ್ಲ, ಹಸಿ ಕಡಲೆಯೂ ಇಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಸುಟ್ಟ ಬದನೆಕಾಯಿ, ಮಜ್ಜಿಗೆ, ಮಾವಿನ ಶೀಕರಣಿ ಸಾಕು. ನೂಡಲ್ಸ್ ಕೇಳಿದರೆ ಕಿವಿ ಕೇಳಿಸದವರಂತೆ ಇರಿ. ವಯಸ್ಸಿಗೆ ಅಷ್ಟಾದರೂ ಉಪಯೋಗ ಇರಬೇಕು.

ಬಿಸಿಲು ನಲವತ್ತು ಡಿಗ್ರಿ ದಾಟುವ ನೆಲ ಇದು. ಹೊತ್ತು ಇಳಿದ ಮೇಲೇ ಹೊರಡಿ. ಮೂರು ಕಲ್ಲಿಟ್ಟು ತೊಗರಿ ಕಟ್ಟಿಗೆ ಹಚ್ಚಿದರೆ ಭಗ್ಗನೆ ಉರಿಯುತ್ತದೆ, ಅಷ್ಟೇ ಬೇಗ ಆರುತ್ತದೆ. ನಿಲ್ಲುವ ಕೆಂಡಕ್ಕೆ ಕುಳ್ಳು ಬೇಕು. ಬದನೆಕಾಯಿಗೆ ಮೊದಲೇ ಎರಡು ಕಡೆ ಚಾಕು ಚುಚ್ಚಿಡಿ, ಇಲ್ಲದಿದ್ದರೆ ಅದೇ ಮೊದಲ ಪಟಾಕಿ. ಸಿಪ್ಪೆ ಕರಿಕಾಗಿ ಬಿರಿದು, ತೊಟ್ಟಿನ ಹತ್ತಿರ ರಸ ಬುಸುಗುಟ್ಟತೊಡಗಿದಾಗ ತೆಗೆಯಬೇಕು.

“ಮುತ್ಯಾ, ಇದು ಸುಟ್ಟೋಯ್ತು!”

“ಸುಡ್ಲಿ ಬಿಡು, ಸುಡಬೇಕಂತೇ ಹಾಕೀವಿ.”

“ಪಟಾಕಿ ಯಾವಾಗ?”

ಈ ಕೊನೆಯ ಪ್ರಶ್ನೆ ಯಂತ್ರದ ದೋಷವಲ್ಲ, ಅದು ತಾನಾಗಿಯೇ ಬಾರಿಸುವ ಗಂಟೆ. ನಿಲ್ಲಿಸುವ ಗುಂಡಿ ಇರುವುದಿಲ್ಲ. ಊಟ ಮುಗಿದು, ಒಲೆಗೆ ನೀರು ಬಿದ್ದ ಮೇಲೆ ಎಂದು ಒಂದೇ ಉತ್ತರ ಕೊಡುತ್ತಿರಿ.

ಇನ್ನು ಎಚ್ಚರಿಕೆಗಳು, ಇವನ್ನು ಕನ್ನಡಕ ಹಾಕಿಕೊಂಡೇ ಓದಿ. ಪತ್ರಾಸಿನ ಕೆಳಗೆ ಬೇಯುತ್ತ ಕೂತಿದ್ದ ಹೋದ ದೀಪಾವಳಿಯ ಪಟಾಕಿ ತರಬೇಡಿ. ಹೊಸದು ಕೊಳ್ಳುವಾಗ ಹಸಿರು ಪಟಾಕಿಯ ಗುರುತು ನೋಡಿ. ಸುರಸುರಬತ್ತಿಯನ್ನು ಪಾಪದ್ದು ಎಂದು ನಂಬಬೇಡಿ. ಅದರ ಕಿಡಿಯ ಕಾವು ಸಾವಿರ ಡಿಗ್ರಿ ಮುಟ್ಟುತ್ತದೆ, ಆರಿದ ಮೇಲೂ ತಂತಿ ಬರಿಗಾಲಿಗೆ ಕಾದಿರುತ್ತದೆ. ಉರಿದ ತಂತಿಗಳಿಗೆ ಒಂದು ಬಕೆಟ್ ನೀರು ಇಡಿ. ಟುಸ್ ಎಂದದ್ದನ್ನು ಬಗ್ಗಿ ನೋಡುವ ಕೆಲಸ ಅಳಿಯಂದಿರಿಗೂ ಬೇಡ, ದೂರದಿಂದ ನೀರು ಸುರಿಯಿರಿ. ಕೈ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು, ಆಮೇಲೆ ಡಾಕ್ಟರು. ಹಲ್ಲುಜ್ಜುವ ಪೇಸ್ಟು ಹಲ್ಲಿಗೇ ಇರಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಢಂ ಎನ್ನುವುದನ್ನು ಹೊಡೆಯುವಂತಿಲ್ಲ. ಇದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಮಕ್ಕಳನ್ನು ಮಲಗಿಸಲು ಇಷ್ಟು ದೊಡ್ಡ ಕೋರ್ಟಿನ ಸಹಾಯ ಬೇರೆ ಯಾವಾಗಲೂ ಸಿಗುವುದಿಲ್ಲ.

ರಾಕೆಟ್ ಮಾತ್ರ ಕೂಡದು. ಮೇ ತಿಂಗಳ ಕಣಿಕಿ ಬಣಿವಿ ಒಂದು ಕಿಡಿಗೆ ಕಾದು ನಿಂತಿರುತ್ತದೆ. ಸಂಜೆಯ ಗಾಳಿ ಎತ್ತ ತಿರುಗುತ್ತದೋ ರಾಕೆಟ್ಟಿಗೂ ಗೊತ್ತಿಲ್ಲ, ಅದನ್ನು ಬಾಟಲಿಯಲ್ಲಿಟ್ಟವನಿಗೂ ಗೊತ್ತಿಲ್ಲ. ಬಣಿವಿ ಹೋದರೆ ಮಳೆ ಬಿದ್ದು ಹಸಿ ಮೇವು ಬರುವತನಕ ಎಮ್ಮೆಯ ಬಾಯಿಗೆ ಏನು ಇಡುತ್ತೀರಿ? ಭೂಚಕ್ರವಾದರೂ ಹರಗಿದ ಬಯಲು ಹೊಲದ ನಡುವೆಯೇ ಇರಲಿ.

ಅಡ್ಡಮಳೆ ಗುಡುಗಿದರೆ ಕಾರ್ಯಕ್ರಮ ರದ್ದು. ಗಿಡದ ಕೆಳಗೆ ನಿಲ್ಲದೆ ಮನೆಗೆ ನಡೆಯಿರಿ: ಮೊದಲು ಮಕ್ಕಳು, ಆಮೇಲೆ ರೊಟ್ಟಿ ಬುಟ್ಟಿ, ಕೊನೆಗೆ ಅಳಿಯಂದಿರು.

ಕಡ್ಡಿ ಗೀರುವ ಮೊದಲು ಪಕ್ಕದ ಹೊಲದವರಿಗೊಂದು ಮಾತು ಹೇಳಿಬಿಡಿ. ಅವರ ಬಣಿವಿಯೂ ಅಲ್ಲೇ ಇದೆ, ಅವರ ಮೊಮ್ಮಕ್ಕಳೂ ಸೂಟಿಗೆ ಬಂದಿದ್ದಾರೆ.