ಪುಸ್ತಕ ಬಂತು, ನುಗ್ಗೆಕಾಯಿ ನಿಂತಿತು

ಆಚೆಮನೆ ಅಕ್ಕ ಈ ಸಲ ನಿಮಗೆ ನುಗ್ಗೆಕಾಯಿ ಕೊಟ್ಟರೇನು? ಕೊಟ್ಟಿರ್ತಾರೆ ಬಿಡಿ. ನಮಗೆ ಮಾತ್ರ ಬಂದ್. ಹತ್ತು ವರ್ಷದಿಂದ ಬೇಲಿ ಮೇಲಿಂದ ಕಟ್ಟುಗಟ್ಟಲೆ ಬರುತ್ತಿದ್ದ ಕಾಯಿ, ನನ್ನ ಪುಸ್ತಕ ಬಂದ ತಿಂಗಳಿಂದ ಒಂದೂ ಇಲ್ಲ. ಪುಸ್ತಕಕ್ಕೂ ನುಗ್ಗೆಕಾಯಿಗೂ ಏನ್ರೀ ಸಂಬಂಧ ಅಂತೀರಾ? ನನಗೂ ಹೊಳೆದಿರಲಿಲ್ಲ. ತಡೀರಿ, ಅಲ್ಲಿಗೇ ಬರ್ತೀನಿ.

ನನ್ನ ಹಾಗೆ ತನ್ನ ಸೀಮೆಯ ಜನರ ಮೇಲೆ ಕಥೆ ಬರೆದವನಿಗೆ ಓದುಗರು ಸಿಗೋದು ಸಭೆಯಲ್ಲಲ್ಲ, ಬಸ್ ಸ್ಟ್ಯಾಂಡಿನಲ್ಲಿ. ಮೊನ್ನೆ ಕೊಟ್ಟೂರಲ್ಲಿ ಕೂಡ್ಲಿಗಿ ಬಸ್ಸಿಗೆ ಕಾಯ್ತಾ ವಗ್ಗರಣಿ ಮಿರ್ಚಿ ತಿನ್ನುತ್ತಿದ್ದೆ. ಕೊಟ್ಟೂರಿಗೆ ಸಾಹಿತಿ ಅನ್ನೋ ಪ್ರಾಣಿ ಹೊಸದಲ್ಲ, ಅಲ್ವಾ? ಕುಂವೀ ಅವರ ಊರು. ಅವರ 'ಅರಮನೆ' ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತಲ್ಲ. ಅಂಥಲ್ಲಿ ನಾನು ಲೇಖಕ ಅಂತ ನಿಂತರೆ ಕೊಟ್ಟೂರೇಶ್ವರನ ತೇರಿನ ಪಕ್ಕ ತಳ್ಳುಗಾಡಿ ನಿಲ್ಲಿಸಿದ ಹಾಗೆ. ಆದರೂ ಹೆಗಲ ಮೇಲೆ ಟವೆಲ್ ಹಾಕಿದ ಒಬ್ಬ ಹಿರಿಯರು ನನ್ನನ್ನೇ ನೋಡ್ತಾ ಬಂದರು.

"ನೀವೇನ್ರಿ, ಆ ಪುಸ್ತಕ ಬರ್ದೋರು?"

ಕೈಯ ಎಣ್ಣೆ ಒರೆಸಿಕೊಂಡು, ಎದೆ ಸ್ವಲ್ಪ ಮುಂದೆ ಮಾಡಿ, ಹೌದು ಅಂದೆ.

"ನಮ್ಮ ಎಮ್ಮೀದು ಮುರಿದದ್ದು ಎಡಗೋಡು. ನೀವು ಬಲಗೋಡು ಅಂತ ಬರ್ದೀರಿ."

ಅದು ನಿಮ್ಮ ಎಮ್ಮೆಯಲ್ಲ ಯಜಮಾನ್ರೇ, ಕಲ್ಪನೆಯ ಎಮ್ಮೆ ಅಂತ ಸಮಜಾಯಿಷಿ ಕೊಡಲು ಹೋದೆ. "ಕಲ್ಪನಾ ಎಮ್ಮಿಗೆ ನಮ್ಮ ಓಣಿ ಯಾಕ ಬೇಕಿತ್ರಿ?" ಅಂದರು. ಏನು ಉತ್ತರ ಕೊಡ್ತೀರಿ ಇದಕ್ಕೆ? ಎಮ್ಮೆ ಸತ್ತು ಆರು ವರ್ಷವಾಗಿತ್ತಂತೆ. ಬಸ್ಸು ಬಂತು. ಹತ್ತುವಾಗ ಬೆನ್ನ ಹಿಂದೆ ಅವರ ದನಿ: "ಹಾಲಿನ ಇಷ್ಯ ಮಾತ್ರ ಬರೋಬ್ಬರಿ ಬರ್ದೀರಿ ಬಿಡ್ರಿ."

ಈ ವಿಷಯದಲ್ಲಿ ನಮ್ಮ ಹರಪನಹಳ್ಳಿಯ ಹಾಸ್ಯಸಾಹಿತಿ ಬೀಚಿ ಬಲು ಹುಷಾರು. 1913ರಲ್ಲಿ ಅಲ್ಲೇ ಹುಟ್ಟಿದವರಲ್ವಾ? ಜಗತ್ತಿನ ಪೆದ್ದುತನ, ಜಾಣತನ ಎಲ್ಲ ತಂದು ಒಬ್ಬ ತಿಂಮನ ತಲೆಗೆ ಕಟ್ಟಿಬಿಟ್ಟರು. ತಿಂಮ ಬಸ್ ಸ್ಟ್ಯಾಂಡಿಗೆ ಬಂದು ಕೊರಳಪಟ್ಟಿ ಹಿಡಿಯೋ ಹಾಗಿಲ್ಲ ನೋಡಿ. ನನಗೆ ಆ ಬುದ್ಧಿ ಬರಲಿಲ್ಲ. ಅವರು ಆತ್ಮಕಥೆಗೆ 'ನನ್ನ ಭಯಾಗ್ರಫಿ' ಅಂತ ಹೆಸರಿಟ್ಟಾಗ ತಮಾಷೆಗೆ ಅಂದುಕೊಂಡಿದ್ದೆ. ಈಗ ಕೊಟ್ಟೂರು ಬಸ್ ಹತ್ತುವಾಗೆಲ್ಲ ಆ 'ಭಯಾಗ್ರಫಿ'ಯ ಮೊದಲ ಎರಡು ಅಕ್ಷರ ನೆನಪಾಗ್ತವೆ.

ಆ ಬೀಚಿಯೂ ಮೊದಲು ಓದುಗರೇ ಅನ್ನಿ. ಅನಕೃ ಅವರ 'ಸಂಧ್ಯಾರಾಗ' ಓದಿ ಕನ್ನಡದ ಕಡೆ ತಿರುಗಿದವರು. ನನಗೂ ಅದೇ ಹರಪನಹಳ್ಳಿಯಲ್ಲಿ ಒಬ್ಬ ಹುಡುಗ ಸಿಕ್ಕಿದ. ಪುಸ್ತಕ ಚಾಚಿ "ಸಾರ್, ಸೈನ್ ಹಾಕ್ರಿ" ಅಂದ. ಮೂರನೇ ಪುಟ ತೆಗೆದರೆ ಗ್ರಂಥಾಲಯದ ಮೊಹರು! ಇದನ್ನ ವಾಪಸ್ ಕೊಡಬೇಕಲ್ಲಪ್ಪಾ ಅಂದೆ. ಹುಡುಗ ಜೇಬಿಂದ ಪೆನ್ಸಿಲ್ ತೆಗೆದ. "ಅದಕ್ಕೇ ಸಾರ್, ಇದ್ರಾಗ ಹಾಕ್ರಿ. ಗೆಳೆಯರಿಗೆ ತೋರಿಸಿ ಅಳಿಸ್ತೀನಿ." ಹಾಕಿದೆ. ಅಳಿಸುವಾಗ ಹಾಳೆ ಹರಿಯಬಾರದು ಅಂತ ಹಗುರವಾಗಿಯೇ ಹಾಕಿದೆ. ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ 300 ಪ್ರತಿ ಕೊಂಡರೆ ಹಬ್ಬ ಮಾಡುವ ಪ್ರಕಾಶಕರು ನಮ್ಮವರು. ಅದರಲ್ಲಿ ಒಂದನ್ನ ನಾನೇ ಹಾಳು ಮಾಡಿದರೆ ಹೇಗೆ?

ಹಡಗಲಿ ಕಡೆಯ ಹೆಣ್ಣುಮಗಳೊಬ್ಬಳು ನನ್ನ ಕಥೆಯಲ್ಲಿ ಮಲ್ಲಿಗೆಯನ್ನ ಮಧ್ಯಾಹ್ನ ಬಿಡಿಸಿದ್ದಕ್ಕೆ ಹೊಟ್ಟೆ ಹಿಡಿದು ನಕ್ಕಳು. ನಸುಕಿನಲ್ಲೇ ಮೊಗ್ಗು ಬಿಡಿಸೋದು ಮೂರು ವರ್ಷದ ಕೂಸಿಗೂ ಗೊತ್ತಂತೆ. ಇರಲಿ. ಹಗರಿಬೊಮ್ಮನಹಳ್ಳಿ ಮದುವೆಯಲ್ಲಿ ನಮ್ಮ ಸೋದರಮಾವನದು ಇನ್ನೊಂದು ಥರ. ಊಟದ ಪಂಕ್ತಿಯಲ್ಲಿ ಪಕ್ಕ ಕೂತು, "ಅದ್ರಾಗ ನಮ್ಮ ಬೀಗರು ಬಂದಾರ, ನನ್ನ ದುಷ್ಮನ್ನೂ ಬಂದಾನ. ನಾ ಎಲ್ಲೋ?" ಅಂದ. ಗೋಧಿ ಹುಗ್ಗಿ ಮುಟ್ಟಲಿಲ್ಲ ಮನುಷ್ಯ. ಕೊನೆಗೆ ತಾನೇ ರಾಜಿಗೆ ಬಂದ: "ಮುಂದಿನ ಮುದ್ರಣದಾಗ ಸೇರ್ಸು. ಬೇಕಾದ್ರ ಕೆಟ್ಟೋನ್ನ ಮಾಡು, ಚಿಂತಿಲ್ಲ."

ಹಾಂ, ನುಗ್ಗೆಕಾಯಿ. 42ನೇ ಪುಟದಲ್ಲಿ, ಏನೋ ಹುರುಪಿನಲ್ಲಿ, ಆಚೆಮನೆಯ ನುಗ್ಗೆಗಿಡಕ್ಕೂ ನಮ್ಮನೆ ಮೇಲೇ ಪ್ರೀತಿ, ಬೇಲಿ ದಾಟಿ ಈ ಕಡೆ ಬಾಗಿದೆ ಅಂತ ಬರೆದಿದ್ದೆ. ಅಕ್ಕನ ಮೊಮ್ಮಗ ಅದನ್ನ ಅವರಿಗೆ ಗಟ್ಟಿಯಾಗಿ ಓದಿ ಹೇಳಿದ್ದಾನೆ. ಅಕ್ಕನ ತಮ್ಮ ಒಬ್ಬರಿದ್ದಾರಲ್ಲ, ಜಮೀನಿನ ಕೇಸಿಗೆ ಕೋರ್ಟು ಸುತ್ತಿ ಸುತ್ತಿ ಅರ್ಧ ವಕೀಲರಾದವರು? ಅವರು "ಅಚ್ಚಾತು ಅಂದ್ರ ದಾಖಲೆ ಆತಕ್ಕಾ" ಅಂದರಂತೆ. ಮರುದಿನವೇ ಆ ಕೊಂಬೆಗೆ ಕೊಡಲಿ! ನಾನು ನೋಡಿದ್ದು ನಿನ್ನೆ, ಬೇಲಿ ಮೇಲೆ ಆಕಾಶ ಬೋಳು.

ಕೇಳಿಯೇಬಿಟ್ಟೆ. ಅಕ್ಕ ಸೆರಗು ಸರಿಮಾಡಿಕೊಂಡು ಹೇಳಿದರು: "ಕಾಯಿ ಕೊಡಾಕ ನಂದೇನು ತಕರಾರಿಲ್ಲಪ. ಗಿಡ ನಮ್ದು ಅಂತ ನೀ ಒಂದು ಬರ್ದು ಕೊಡು."

ಬರೆದೇನೋ ಕೊಡಬಹುದು. ಸಾಕ್ಷಿ ಸಹಿಗೆ ನಿಮ್ಮ ಹೆಸರು ಹೇಳಿದ್ದೀನಿ. ಹಾಕ್ತೀರಿ, ಅಲ್ವಾ?